‘ಕೊರೊನಾ ಬ್ಯಾಚ್’ ಅಂದ್ರೆ ಏನು? ಆ ಎರಡು ವರ್ಷ ಹುಡುಗರ ಒಡನಾಟಕ್ಕೆ ಮಾಡಿದ್ದೇನು?

2025ರ ಜೂನ್‌ನಲ್ಲಿ ತಂಗಿ ಮಗನ ಡಿಗ್ರಿ ಅಡ್ಮಿಷನ್‌ಗೆ ಅಂತ ಕಲಬುರಗಿಯ ಒಂದು ಕಾಲೇಜಿಗೆ ಹೋಗಿದ್ದೆ. ಆಫೀಸಿನ ಕಿಟಕಿ ಮುಂದೆ ಏಳೆಂಟು ಜನ ಇದ್ದರು. ನಾನು ಬೇವಿನ ಮರದ ನೆರಳಲ್ಲಿ ನಿಂತಿದ್ದೆ. ಅವನ ಸರದಿ ಬಂತು. ಹಿಂದಿದ್ದವನಿಗೆ ಜಾಗ ಬಿಟ್ಟ. ಮತ್ತೆ ಬಂತು, ಮತ್ತೆ ಬಿಟ್ಟ. ಇಪ್ಪತ್ತು ನಿಮಿಷ ಹೀಗೇ ನಡೆಯಿತು. ಕೊನೆಗೆ ನನ್ನ ಹತ್ತಿರ ಬಂದು, ‘ಮಾಮಾ, ನೀವೇ ಕೇಳ್ರಿ’ ಅಂದ. ಕೇಳಬೇಕಿದ್ದದ್ದು ಇಷ್ಟೇ: ಟಿಸಿ ಒರಿಜಿನಲ್ ಕೊಡಬೇಕಾ, ಝೆರಾಕ್ಸ್ ಸಾಕಾ?

ಸಂಜೆ ಆಳಂದದಲ್ಲಿರುವ ತಂಗಿಗೆ ಫೋನ್ ಮಾಡಿ ಹೇಳಿದರೆ ಅವಳು ನಕ್ಕುಬಿಟ್ಟಳು. ‘ಇವು ಕೊರೊನಾ ಬ್ಯಾಚ್ ಹುಡುಗ್ರು ಅಲ್ಲೇನೋ ಅಣ್ಣಾ, ಎಲ್ಲಾವೂ ಹಿಂಗೇ ಅದಾವ.’

ಈ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಮದುವೆ ಮನೆಯ ಪಂಗತಿಯಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ. ಅದಕ್ಕೆ ಕಾರಣವೂ ಇದೆ. 2020ರ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಕಾಲಿಡಬೇಕಿದ್ದ ಮಕ್ಕಳು 2025ರಲ್ಲಿ ಡಿಗ್ರಿ ಮೊದಲ ವರ್ಷಕ್ಕೆ ಬಂದರು. ಅವರು ಮನೆಯೊಳಗೆ ಕೂತಿದ್ದು ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ. ಆ ವಯಸ್ಸಿನಲ್ಲಿ ಜನರಿಂದ ದೂರ ಇದ್ದರೆ ಏನಾಗುತ್ತದೆ? ಎಲ್ಲ ಸಂಕೋಚವನ್ನೂ ಕೊರೊನಾ ತಲೆಗೆ ಕಟ್ಟಬಹುದಾ? ಮೊದಲಿಂದ ನೋಡೋಣ.

ಮೊದಲು ಪದಗಳು

ಆಗ ದಿನಾ ಕೇಳಿದ ಪದಗಳು ಈಗ ತಲೆಯಲ್ಲಿ ಕಲಸಿಹೋಗಿವೆ. ‘ಲಾಕ್‌ಡೌನ್’ ಅಂದರೆ ಇಡೀ ದೇಶಕ್ಕೋ ರಾಜ್ಯಕ್ಕೋ ಬೀಗ. ‘ಸೀಲ್‌ಡೌನ್’ ಅಂದರೆ ಒಂದು ಓಣಿಗೆ ಬೊಂಬು, ತಗಡು ಕಟ್ಟಿ ಬಂದ್ ಮಾಡುವುದು. ಜಡ್ಡು ಇರುವವರನ್ನು ಬೇರೆ ಇಡುವುದು ‘ಐಸೋಲೇಷನ್’. ಜಡ್ಡು ಬಂದಿರಬಹುದು ಅನ್ನುವ ಅನುಮಾನದ ಮೇಲೆ ಬೇರೆ ಇಡುವುದು ‘ಕ್ವಾರಂಟೈನ್’. ಸೋಂಕು ಮೈಸೇರಿದ ಮೇಲೆ ಲಕ್ಷಣ ಕಾಣಲು ಎರಡು ವಾರದವರೆಗೂ ಬೇಕಾಗಬಹುದು, ಅದಕ್ಕೇ 14 ದಿನದ ಲೆಕ್ಕ.

ಇನ್ನೊಂದು ಪದ ‘ಸಾಮಾಜಿಕ ಅಂತರ’. ಹೇಳಬೇಕಿದ್ದದ್ದು ಆರು ಅಡಿ ದೂರ ನಿಲ್ಲಿ ಅಂತ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ ‘ದೈಹಿಕ ಅಂತರ’ ಅನ್ನೋಣ, ಮನಸ್ಸಿನಿಂದ ದೂರ ಆಗುವುದು ಬೇಡ ಅಂದಿತ್ತು. ಆದರೆ ಹಳೆಯ ಪದವೇ ಬಾಯಿಗೆ ಅಂಟಿಕೊಂಡಿತು. ಜಾತಿಯ ಹೆಸರಲ್ಲಿ ಶತಮಾನಗಟ್ಟಲೆ ಅಂತರ ಕಂಡ ನಮ್ಮ ಕಡೆ ಈ ಪದ ಕೆಲವರ ಕಿವಿಗೆ ಬೇರೆಯದೇ ರೀತಿ ಕೇಳಿಸಿತು ಅನ್ನುವುದನ್ನೂ ಮರೆಯುವಂತಿಲ್ಲ.

ಕಲಬುರಗಿಗೆ ಇದು ಎಲ್ಲರಿಗಿಂತ ಮೊದಲೇ ತಟ್ಟಿತು

2020ರ ಫೆಬ್ರುವರಿ 5ರಿಂದ 7ರವರೆಗೆ ಕಲಬುರಗಿಯಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಪುಸ್ತಕದ ಅಂಗಡಿ, ಊಟದ ಸಾಲು, ಎಲ್ಲಿ ನೋಡಿದರೂ ಕಾಲೇಜು ಹುಡುಗ ಹುಡುಗಿಯರು. ಅದಾಗಿ ಐದು ವಾರಕ್ಕೆ, ಮಾರ್ಚ್ 10ರಂದು ನಗರದ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅವರಿಗೆ ಕೊರೊನಾ ಇತ್ತು ಅಂತ ಮಾರ್ಚ್ 12ರಂದು ಖಚಿತವಾಯಿತು. ಅದು ದೇಶದ ಮೊದಲ ಕೊರೊನಾ ಸಾವು.

ಮಾರ್ಚ್ 14ರಿಂದ ರಾಜ್ಯದಲ್ಲಿ ಮಾಲ್, ಚಿತ್ರಮಂದಿರ ಒಂದು ವಾರ ಬಂದ್ ಅಂತ ಆದೇಶ ಬಂತು. 22ರಂದು ಜನತಾ ಕರ್ಫ್ಯೂ. 25ರಿಂದ ಇಡೀ ದೇಶಕ್ಕೆ 21 ದಿನದ ಲಾಕ್‌ಡೌನ್. ಅದು ಬೆಳೆದು ಬೆಳೆದು ಮೇ 31ಕ್ಕೆ ಬಂತು. ಆ ಹೊತ್ತಿಗೆ ಮುಂಬೈ, ಪುಣೆಗೆ ದುಡಿಯಲು ಹೋಗಿದ್ದ ಕಲಬುರಗಿ, ಯಾದಗಿರಿ ಕಡೆಯ ಕುಟುಂಬಗಳು ವಾಪಸ್ ಬಂದವು. ಅವರನ್ನು ಕ್ವಾರಂಟೈನ್‌ನಲ್ಲಿ ಇಟ್ಟಿದ್ದು ಶಾಲೆ, ಹಾಸ್ಟೆಲ್‌ಗಳಲ್ಲೇ. ಅಂದರೆ ಹುಡುಗರು ಸೇರುತ್ತಿದ್ದ ಜಾಗವೇ ಊರು ಹೆದರುವ ಜಾಗವಾಯಿತು.

ಆಮೇಲಿನದು ತೆಗೆ-ಮುಚ್ಚು ಆಟ. ಡಿಗ್ರಿ ಕಾಲೇಜುಗಳು ತೆರೆದದ್ದು 2020ರ ನವೆಂಬರ್ 17ಕ್ಕೆ. ಹತ್ತನೇ ಕ್ಲಾಸು, ದ್ವಿತೀಯ ಪಿಯುಸಿ 2021ರ ಜನವರಿ 1ಕ್ಕೆ. ಎರಡನೇ ಅಲೆ ಬಂದು ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಮತ್ತೆ ಬಂದ್. ಒಂಬತ್ತನೇ ಕ್ಲಾಸಿನಿಂದ ಮೇಲಿನವರು ಮತ್ತೆ ಶಾಲೆಗೆ ಬಂದದ್ದು ಆಗಸ್ಟ್ 23ಕ್ಕೆ. 2022ರ ಜನವರಿಯಲ್ಲಿ ಮತ್ತೆ ವಾರಾಂತ್ಯದ ಕರ್ಫ್ಯೂ. ನಮ್ಮ ಹುಡುಗ ಎಂಟನೇ ಕ್ಲಾಸನ್ನು ಶಾಲೆಯೊಳಗೆ ಕೂತು ಓದಿದ್ದು ಹೆಚ್ಚೂಕಡಿಮೆ ಒಂದು ತಿಂಗಳು.

ಶಾಲೆ, ಕಾಲೇಜನ್ನೇ ಯಾಕೆ ಮುಚ್ಚಿದರು?

ಊರಲ್ಲಿ ಸುದ್ದಿ ಹೇಗೆ ಹಬ್ಬುತ್ತದೆ ನೋಡಿ. ಒಬ್ಬ ಇಬ್ಬರಿಗೆ ಹೇಳಿದ. ಆ ಇಬ್ಬರು ತಲಾ ಇಬ್ಬರಿಗೆ ಹೇಳಿದರು. ಎರಡು, ನಾಲ್ಕು, ಎಂಟು, ಹದಿನಾರು. ಹತ್ತನೇ ಸುತ್ತಿನಲ್ಲಿ ಹೊಸದಾಗಿ ಕೇಳಿದವರೇ 1,024 ಜನ. ಮೊದಮೊದಲು ಬಂದ ಕೊರೊನಾ ವೈರಸ್ ಒಬ್ಬರಿಂದ ಸರಾಸರಿ ಎರಡು, ಮೂರು ಜನರಿಗೆ ದಾಟುತ್ತಿತ್ತು. ಆಗ ಲಸಿಕೆ ಇರಲಿಲ್ಲ. ಸುದ್ದಿ ನಿಲ್ಲಿಸಲು ಇದ್ದದ್ದು ಒಂದೇ ದಾರಿ: ಹೇಳುವವನನ್ನೂ ಕೇಳುವವನನ್ನೂ ಸೇರಗೊಡಬಾರದು.

ಯುವಕರಿಗೆ ಜಡ್ಡು ಜೋರಾಗುವ ಅಪಾಯ ಕಡಿಮೆ ಅನ್ನುವುದು ಬೇಗನೇ ಗೊತ್ತಾಗಿತ್ತು. ಆದರೆ ಅವರು ಅದನ್ನು ಮನೆಗೆ ಒಯ್ದರೆ? ಒಂದೇ ಸೂರಿನಡಿ ಅಜ್ಜ, ಅಜ್ಜಿ, ಸಕ್ಕರೆ ಕಾಯಿಲೆಯ ಅಪ್ಪ ಇರುವ ಮನೆಗಳು ನಮ್ಮವು. ಅದಕ್ಕೇ ಹುಡುಗರು ಮನೆಯಲ್ಲಿ ಕೂತರು.

ಇಲ್ಲೇ ಸಿಕ್ಕು ಇರುವುದು. ವೈರಸ್ಸಿಗೂ ಗೆಳೆತನಕ್ಕೂ ಬೇಕಾಗಿದ್ದು ಒಂದೇ, ಜನ ಹತ್ತಿರ ಕೂತು ಮಾತಾಡುವುದು. ಒಂದರ ದಾರಿಗೆ ಮುಳ್ಳು ಹಚ್ಚಿದರೆ ಇನ್ನೊಂದರ ದಾರಿಯೂ ಬಂದ್.

ಆ ವಯಸ್ಸಿಗೇ ಯಾಕೆ ಜಾಸ್ತಿ ಪೆಟ್ಟು?

ಲಾಕ್‌ಡೌನ್ ಎಲ್ಲರಿಗೂ ಇತ್ತು. ನನಗೂ ಇತ್ತು. ಆದರೆ ನನ್ನ ಗೆಳೆಯರು ಆಗಲೇ ಗೆಳೆಯರಾಗಿದ್ದರು. ಎರಡು ವರ್ಷ ಬಿಟ್ಟು ಸಿಕ್ಕರೂ ‘ಏನಲೇ’ ಅಂದರೆ ಸಾಕು. ಹದಿಮೂರರ ಹುಡುಗನಿಗೆ ಹಾಗಲ್ಲ.

ಹತ್ತು ವರ್ಷದ ಮಗುವಿಗೆ ಅಪ್ಪ ಅಮ್ಮ ಹೇಳಿದ್ದೇ ವೇದ. ಹದಿಮೂರಕ್ಕೆ ಗೆಳೆಯ ಹೇಳಿದ್ದು ವೇದ. ಇದು ಮೊಂಡತನ ಅಲ್ಲ, ಮಿದುಳು ಬೆಳೆಯುವ ರೀತಿಯೇ ಹಾಗೆ. ಓರಗೆಯವರು ಒಪ್ಪುತ್ತಾರಾ, ನಗುತ್ತಾರಾ ಅನ್ನುವುದಕ್ಕೆ ಆ ವಯಸ್ಸಿನ ಮಿದುಳು ಬಹಳ ಸೂಕ್ಷ್ಮವಾಗಿರುತ್ತದೆ. ಬ್ರಿಟನ್‌ನ ಏಮಿ ಆರ್ಬೆನ್, ಲಿವಿಯಾ ಟೊಮೊವಾ, ಸಾರಾ-ಜೇನ್ ಬ್ಲೇಕ್‌ಮೋರ್ ಎಂಬ ಸಂಶೋಧಕರು 2020ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು: 10ರಿಂದ 24ರ ನಡುವಿನ ವಯಸ್ಸಿನವರಿಗೆ ಎದುರೆದುರು ಒಡನಾಟ ತಪ್ಪಿದರೆ ಅದರ ಪರಿಣಾಮ ದೊಡ್ಡವರಿಗಿಂತ ಹೆಚ್ಚಿರಬಹುದು ಅಂತ.

ನನ್ನ ತಂಗಿ ಮಗಳು ಇವನಿಗಿಂತ ಎರಡು ವರ್ಷ ದೊಡ್ಡವಳು. ಲಾಕ್‌ಡೌನಿನಲ್ಲಿ ಅವಳು ಜೋಳದ ರೊಟ್ಟಿ ಬಡಿಯುವುದು ಕಲಿತಳು. ಮೊದಲ ವಾರ ಯೂಟ್ಯೂಬ್ ನೋಡಿದಳು. ಬಿಸಿ ನೀರು ಎಷ್ಟು, ಹಿಟ್ಟು ಎಷ್ಟು ನಾದಬೇಕು, ಎಲ್ಲ ಬಾಯಿಪಾಠ. ರೊಟ್ಟಿ ಮಾತ್ರ ಭಾರತದ ಭೂಪಟ. ಅಂಚು ಬಿರಿಯುವುದು, ಎತ್ತಿದರೆ ಹರಿಯುವುದು. ‘ಕೈಗೇ ಗೊತ್ತಾಗ್ಬೇಕವ್ವ, ತಲಿಗಲ್ಲ’ ಅಂತ ಅಜ್ಜಿ ಹೇಳುತ್ತಿದ್ದಳು. ಮೂರು ತಿಂಗಳು ದಿನಾ ಬಡಿದ ಮೇಲೆ ಕೈಗೆ ಗೊತ್ತಾಯಿತು.

ಮಾತೂ ಹಾಗೇ. ಎದುರಿನವರ ಮುಖ ನೋಡಿ ಎಲ್ಲಿ ನಿಲ್ಲಿಸಬೇಕು, ಯಾವಾಗ ನಗಬೇಕು, ಜಗಳ ಆಡಿದ ಮೇಲೆ ನಾಳೆ ಹೇಗೆ ಮಾತಾಡಿಸಬೇಕು ಅನ್ನುವುದನ್ನು ಯಾರೂ ಪಾಠ ಮಾಡುವುದಿಲ್ಲ. ದಿನಾ ಬಡಿದೇ ಕಲಿಯಬೇಕು. ಅಕ್ಕನಿಗೆ ಆ ಎರಡು ವರ್ಷ ಹಿಟ್ಟು ಸಿಕ್ಕಿತು. ತಮ್ಮನಿಗೆ ಅಪರಿಚಿತರ ಜೊತೆ ಮಾತಾಡಲು ಒಬ್ಬ ಅಪರಿಚಿತನೂ ಸಿಗಲಿಲ್ಲ.

ಕೈತಪ್ಪಿದ್ದು ಮುಖಪರಿಚಯ

ಒಡನಾಟ ಅಂದ ಕೂಡಲೇ ನಮಗೆ ಜೀವದ ಗೆಳೆಯರು ನೆನಪಾಗುತ್ತಾರೆ. ನಿಜ ಹೇಳಬೇಕೆಂದರೆ ಅವರು ಎಲ್ಲೂ ಹೋಗಿರಲಿಲ್ಲ. ಫೋನಿನಲ್ಲಿದ್ದರು, ಪಕ್ಕದ ಮಾಳಿಗೆ ಮೇಲೆ ಇದ್ದರು, ಹಳ್ಳಿಯಾದರೆ ಹೊಲದಲ್ಲಿ ಸಿಗುತ್ತಿದ್ದರು. ಸದ್ದಿಲ್ಲದೆ ಕಳೆದುಹೋದವರು ಬೇರೆಯವರು.

ಬೆಳಗಿನ ಬಸ್ಸಿನಲ್ಲಿ ‘ಬ್ಯಾಗ್ ಹಿಡಿ’ ಅಂತ ಕಿಟಕಿಯೊಳಗೆ ಬ್ಯಾಗು ತೂರುವ ಹುಡುಗ. ಪಾಸು ನೋಡದೆಯೇ ತಲೆಯಾಡಿಸುವ ಕಂಡಕ್ಟರ್. ಝೆರಾಕ್ಸ್ ಅಂಗಡಿಯ ಅಣ್ಣ. ಸೂಪರ್ ಮಾರ್ಕೆಟ್ ಹತ್ತಿರ ಭಜಿ ಕರಿಯುವಾತ. ಬೇರೆ ಸೆಕ್ಷನ್‌ನ, ಹೆಸರು ಗೊತ್ತಿಲ್ಲದ, ದಿನಾ ನಗುವ ಹುಡುಗಿ. ಇಂಥವರಿಗೆ ಕನ್ನಡದಲ್ಲಿ ಒಳ್ಳೆಯ ಪದ ಇದೆ: ಮುಖಪರಿಚಯ.

ಈ ಮುಖಪರಿಚಯದ ಬೆಲೆ ಎಷ್ಟು ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದರು. ಜನರಿಗೆ ಕೆಲಸದ ಸುಳಿವು ಸಿಕ್ಕಿದ್ದು ಬಹಳ ಸಲ ಆಪ್ತರಿಂದಲ್ಲ, ಅಪರೂಪಕ್ಕೆ ಸಿಗುವ ಪರಿಚಯದವರಿಂದ ಅನ್ನುವುದು ಅವರು ಕಂಡ ಸಂಗತಿ. ಕಾರಣ ಸರಳ. ಆಪ್ತ ಗೆಳೆಯನಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಹೊರಗಿನವನಿಂದ.

ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಪೊಲೀಸ್, ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವ ಹುಡುಗರನ್ನು ಕೇಳಿ ನೋಡಿ. ‘ಅರ್ಜಿ ಹಾಕಿದ್ಯಾ? ನಾಳೆನೇ ಲಾಸ್ಟ್ ಡೇಟ್’ ಅನ್ನುವ ಮಾತು ಕಿವಿಗೆ ಬೀಳುವುದು ಚಹಾದಂಗಡಿಯಲ್ಲಿ, ಲೈಬ್ರರಿ ಮೆಟ್ಟಿಲ ಮೇಲೆ. ಲಾಕ್‌ಡೌನಿಗೆ ರೂಮುಗಳು ಖಾಲಿಯಾದವು, ಎಲ್ಲರೂ ಊರು ಸೇರಿದರು. ಪುಸ್ತಕ ಜೊತೆಗೆ ಹೋಯಿತು. ಆ ಮೆಟ್ಟಿಲು ಹೋಗಲಿಲ್ಲ.

ಇನ್ನೊಂದು ಲೆಕ್ಕ ಹೇಳುತ್ತೇನೆ, ನನಗೆ ಇದು ಬಹಳ ಹಿಡಿಸಿತು. ಪರಿಚಯ ಗೆಳೆತನವಾಗಲು ಎಷ್ಟು ಹೊತ್ತು ಬೇಕು ಅಂತ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬುವರು ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ಸಾಧಾರಣ ಗೆಳೆತನಕ್ಕೆ ಸುಮಾರು 50 ಗಂಟೆ. ಗೆಳೆಯ ಅನ್ನಿಸಿಕೊಳ್ಳಲು 90 ಗಂಟೆ. ಆಪ್ತನಾಗಲು 200 ಗಂಟೆಗೂ ಹೆಚ್ಚು. ಜೊತೆಗೆ ಕೂತು ಕೆಲಸ ಮಾಡಿದ ಹೊತ್ತಿಗಿಂತ ಸುಮ್ನೆ ಹರಟಿದ ಹೊತ್ತಿಗೇ ಇದರಲ್ಲಿ ತೂಕ ಜಾಸ್ತಿ.

ಈಗ ಆಳಂದದಿಂದ ಕಲಬುರಗಿಗೆ ಬಸ್ಸು ಹತ್ತಿ. ಸುಮಾರು 40 ಕಿಲೋಮೀಟರ್. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ತಿಂಗಳಿಗೆ 25 ದಿನ ಓಡಾಡಿದರೆ 50 ಗಂಟೆ. ಬಸ್ಸಿನಲ್ಲಿ ಬೇರೆ ಕೆಲಸವೂ ಇಲ್ಲ, ಹರಟೆಯೇ ಕೆಲಸ. ಒಂದು ತಿಂಗಳಿಗೆ ಪಕ್ಕದ ಸೀಟಿನವನು ಸಾಧಾರಣ ಗೆಳೆಯ, ನಾಲ್ಕು ತಿಂಗಳಿಗೆ ಜೀವದ ಗೆಳೆಯ. ಯಾರೂ ಪ್ರಯತ್ನ ಪಡಬೇಕಿಲ್ಲ, ಬಸ್ಸೇ ಮಾಡಿಸುತ್ತದೆ. ಬಸ್ಸು ನಿಂತಾಗ ಈ ಗಂಟೆಗಳೂ ನಿಂತವು.

ಫೋನ್ ಇತ್ತಲ್ಲ?

ಇತ್ತು. ಎಲ್ಲರಿಗೂ ಇರಲಿಲ್ಲ. ದೇಶದ ಹಳ್ಳಿಗಳ ಮಕ್ಕಳ ಬಗ್ಗೆ ನಡೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ 2018ರಲ್ಲಿ ಶಾಲೆಗೆ ಹೆಸರು ಹಚ್ಚಿದ ಮಕ್ಕಳಲ್ಲಿ 36.5% ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. 2021ಕ್ಕೆ ಅದು 67.6% ಆಯಿತು. ಕೇಳಲು ಚೆನ್ನಾಗಿದೆ. ಆದರೆ ಫೋನ್ ಇದ್ದ ಮನೆಯ ಮಕ್ಕಳಲ್ಲೂ 26.1% ಮಂದಿಯ ಕೈಗೆ ಅದು ಸಿಗುತ್ತಲೇ ಇರಲಿಲ್ಲ. ಅಪ್ಪ ಕೆಲಸಕ್ಕೆ ಹೋಗುವಾಗ ಫೋನೂ ಹೋಗುತ್ತಿತ್ತು.

ಸಿಕ್ಕವರಿಗೆ ಅದೇ ಕಟ್ಟೆಯಾಯಿತು. ಹಳ್ಳಿ ಹುಡುಗರೂ ಟಿಕ್‌ಟಾಕ್‌ನಲ್ಲಿ ಮುಖ ತೋರಿಸುತ್ತಿದ್ದರು. 2020ರ ಜೂನ್ 29ರಂದು ಸರ್ಕಾರ ಅದನ್ನು ನಿಷೇಧಿಸಿತು. ಸೆಪ್ಟೆಂಬರ್ 2ರಂದು ಪಬ್‌ಜಿಯೂ ಹೋಯಿತು. ಕಾರಣ ದೇಶದ ಭದ್ರತೆ, ಅದು ಬೇರೆ ವಿಷಯ. ನಾವು ದೊಡ್ಡವರು ಪೀಡೆ ತೊಲಗಿತು ಅಂದೆವು. ಪಬ್‌ಜಿ ಆಡುವ ಹುಡುಗರಿಗೆ ಅದು ಗುಂಡು ಹಾರಿಸುವ ಆಟವಷ್ಟೇ ಆಗಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ನಾಲ್ವರು ಮಾತಾಡುತ್ತಿದ್ದ ಜಾಗವೂ ಆಗಿತ್ತು.

ಫೋನಿಗೆ ಎರಡು ಮಿತಿ ಇದೆ. ಒಂದು, ನಂಬರ್ ಇದ್ದವರಷ್ಟೇ ವಾಟ್ಸಾಪ್‌ನಲ್ಲಿ ಸಿಗುತ್ತಾರೆ. ಮುಖಪರಿಚಯದವರ ನಂಬರ್ ಯಾರ ಹತ್ತಿರ ಇರುತ್ತದೆ? ಎರಡು, ಮೆಸೇಜನ್ನು ಅಳಿಸಿ ಮತ್ತೆ ಬರೆಯಬಹುದು, ಎರಡು ತಾಸು ಬಿಟ್ಟು ಉತ್ತರ ಕೊಡಬಹುದು. ಆಫೀಸಿನ ಕಿಟಕಿಯ ಮುಂದೆ ಆ ಸೌಲಭ್ಯ ಇಲ್ಲ. ಅಲ್ಲಿ ಬಾಯಿ ತೆರೆದ ಮೇಲೆ ತೆರೆದ ಹಾಗೆ.

ಹುಡುಗಿಯರ ಲೆಕ್ಕ ಬೇರೆ

ಲಾಕ್‌ಡೌನ್ ಸಡಿಲವಾದ ಕೂಡಲೇ ಹುಡುಗರು ಕೆರೆ ಏರಿ ಮೇಲೆ, ಬಯಲಿನಲ್ಲಿ ಬ್ಯಾಟು ಹಿಡಿದು ಹಾಜರ್. ಹುಡುಗಿಯರಿಗೆ ಕಾಲೇಜು ಓದುವ ಜಾಗಕ್ಕಿಂತ ಹೆಚ್ಚಿನದಾಗಿತ್ತು. ಮನೆಯಿಂದ ಹೊರಬೀಳಲು ಇದ್ದ ಒಂದೇ ನೆವ ಅದು. ನೆವ ಹೋದ ಮೇಲೆ ದಾರಿಯೂ ಹೋಯಿತು. ತಂಗಿ ಮಗಳು ಎಸ್ಸೆಸ್ಸೆಲ್ಸಿ ಬರೆದದ್ದು 2021ರ ಜುಲೈ 19 ಮತ್ತು 22ರಂದು. ಆರು ವಿಷಯ ಎರಡೇ ದಿನದಲ್ಲಿ, ಎಲ್ಲವೂ ಸರಿ ಉತ್ತರ ಆರಿಸುವ ಪ್ರಶ್ನೆ. ಮಾಸ್ಕ್ ಹಾಕಿಕೊಂಡು ಹೋದಳು, ಮಾಸ್ಕ್ ಹಾಕಿಕೊಂಡು ಬಂದಳು. ಹತ್ತು ವರ್ಷ ಜೊತೆ ಓದಿದವರಿಗೆ ‘ಸಿಗ್ತೀನಿ’ ಅಂತಲೂ ಹೇಳಲಿಲ್ಲ. ಅವರಲ್ಲಿ ಇಬ್ಬರನ್ನು ಆಮೇಲೆ ನೋಡಿದ್ದು ಅವರವರ ಮದುವೆಯಲ್ಲೇ.

ಮದುವೆ ಅಂದೆ. ಲಾಕ್‌ಡೌನ್ ನಿಯಮದಲ್ಲಿ ಮದುವೆಗೆ 50 ಜನರ ಮಿತಿ ಇತ್ತು. ಖರ್ಚು ಕಡಿಮೆ, ಶಾಲೆ ಬಂದ್, ಕೈಯಲ್ಲಿ ಕೆಲಸ ಇಲ್ಲ. ಈ ಮೂರೂ ಸೇರಿದರೆ ಬಡ ಮನೆಯಲ್ಲಿ ಏನು ಯೋಚನೆ ಬರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಕೊರೊನಾದಿಂದಾಗಿ ಹತ್ತು ವರ್ಷದಲ್ಲಿ ಜಗತ್ತಿನಲ್ಲಿ ಇನ್ನೂ 1 ಕೋಟಿ ಹುಡುಗಿಯರು ಬಾಲ್ಯವಿವಾಹಕ್ಕೆ ಸಿಲುಕುವ ಅಪಾಯವಿದೆ ಅಂತ ಯುನಿಸೆಫ್ 2021ರ ಮಾರ್ಚ್‌ನಲ್ಲಿ ಅಂದಾಜು ಮಾಡಿತ್ತು. ಒಡನಾಟ ತಪ್ಪಿದ್ದರ ಇನ್ನೊಂದು ಮುಖ ಇದು. ಹುಡುಗಿಗೆ ಹೇಳಿಕೊಳ್ಳಲು ಗೆಳತಿಯೂ ಎದುರಿಗಿಲ್ಲ, ಟೀಚರೂ ಎದುರಿಗಿಲ್ಲ. ಇಂಥ ವಿಷಯ ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು.

ಅಳೆದವರು ಏನು ಹೇಳುತ್ತಾರೆ?

ಒಬ್ಬರೇ ಇರುವುದು ಬೇರೆ, ಒಂಟಿತನ ಬೇರೆ. ತೊಗರಿ ಹೊಲ ಕಾಯುವವನು ಇಡೀ ದಿನ ಒಬ್ಬನೇ ಇರುತ್ತಾನೆ, ಆದರೆ ಒಂಟಿ ಅನ್ನಿಸದೇ ಇರಬಹುದು. ಬೇಕು ಅನ್ನಿಸಿದಾಗ ಜನ ಸಿಗದೇ ಹೋದಾಗ ಹುಟ್ಟುವುದು ಒಂಟಿತನ. ಅದು ಬಹಳ ದಿನ ಉಳಿದರೆ ಆತಂಕಕ್ಕೆ, ಖಿನ್ನತೆಗೆ ದಾರಿಯಾಗಬಹುದು.

ಕೊರೊನಾದ ಮೊದಲ ವರ್ಷದಲ್ಲಿ ಜಗತ್ತಿನಲ್ಲಿ ಆತಂಕ ಮತ್ತು ಖಿನ್ನತೆ 25% ಹೆಚ್ಚಿದವು, ಯುವಜನರಿಗೆ ಮತ್ತು ಮಹಿಳೆಯರಿಗೆ ಪೆಟ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ನಮ್ಮ ದೇಶದ ಮಟ್ಟಿಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಅಂಕಿ. 21 ದೇಶಗಳಲ್ಲಿ ನಡೆದ ಯುನಿಸೆಫ್‌ನ 2021ರ ಸಮೀಕ್ಷೆಯಲ್ಲಿ, ಭಾರತದ 15ರಿಂದ 24ರ ವಯಸ್ಸಿನವರಲ್ಲಿ 14% ಮಂದಿ ಆಗಾಗ ಬೇಜಾರು, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸುತ್ತದೆ ಅಂದರು. ಮನಸ್ಸಿನ ತೊಂದರೆಗೆ ಬೇರೆಯವರ ನೆರವು ಕೇಳುವುದು ಒಳ್ಳೆಯದು ಅಂದವರು ಮಾತ್ರ 41%. ಎಲ್ಲ ದೇಶಗಳ ಸರಾಸರಿ 83%. ಅಂದರೆ ನಮ್ಮಲ್ಲಿ ನೋವಷ್ಟೇ ಅಲ್ಲ, ‘ಹೇಳಿ ಏನು ಉಪಯೋಗ’ ಅನ್ನುವುದೂ ಜೊತೆಗಿತ್ತು.

ಎಲ್ಲರಿಗೂ ಕೆಟ್ಟದ್ದೇ ಆಯಿತು ಅಂತಲೂ ಅಲ್ಲ. ಶಾಲೆಯಲ್ಲಿ ಗೇಲಿಗೆ ಸಿಕ್ಕಿ ನರಳುತ್ತಿದ್ದ ಕೆಲವು ಮಕ್ಕಳು ಮನೆಯಲ್ಲಿ ಉಸಿರಾಡಿದರು.

ಹಾಗಾದರೆ ನಮ್ಮ ಹುಡುಗನದು?

ಗೊತ್ತಿಲ್ಲ. ಇದೇ ನೇರ ಉತ್ತರ. ಅಂಕಿಗಳು ಗುಂಪಿನ ಬಗ್ಗೆ ಹೇಳುತ್ತವೆ, ಒಬ್ಬನ ಬಗ್ಗೆ ಅಲ್ಲ. ಅವನ ಅಪ್ಪನೂ ಮಾತು ಕಡಿಮೆಯ ಮನುಷ್ಯ, ಅವರಿಗೆ ಯಾವ ಲಾಕ್‌ಡೌನೂ ಆಗಿರಲಿಲ್ಲ. ಹದಿನೆಂಟರ ಹುಡುಗ ಆಫೀಸಿನ ಕ್ಲರ್ಕಿಗೆ ಹೆದರುವುದು ಕೊರೊನಾ ಬಂದ ಮೇಲೆ ಶುರುವಾದದ್ದೂ ಅಲ್ಲ. ನಾನೂ ಹೆದರಿದ್ದೆ. ಆದರೆ ನನ್ನನ್ನು ಎಂಟನೇ ಕ್ಲಾಸಿನಿಂದಲೇ ರೇಷನ್ ಅಂಗಡಿ, ಹಿಟ್ಟಿನ ಗಿರಣಿ ಅಂತ ಅಟ್ಟುತ್ತಿದ್ದರು. ಹೆದರಿಕೆ ಸವೆಯಲು ಜಾಗ ಇತ್ತು.

ಸಂಕೋಚಕ್ಕೂ ತೊಂದರೆಗೂ ನಡುವೆ ಒಂದು ಗೆರೆ ಇದೆ. ನಿದ್ದೆ, ಊಟ ಕೆಟ್ಟು, ಇಷ್ಟದ ಆಟವೂ ಬೇಡವಾಗಿ, ಅದು ಎರಡು ವಾರಕ್ಕೂ ಹೆಚ್ಚು ದಿನ ಉಳಿದರೆ ಅದನ್ನು ನಾಚಿಕೆ ಅಂತ ಬಿಡಬಾರದು. ‘ಟೆಲಿ ಮಾನಸ್’ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಇದೆ. ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ಬರೀ ಸಂಕೋಚವಾದರೆ ರೊಟ್ಟಿಯ ಲೆಕ್ಕವೇ ಸರಿ. ಸಣ್ಣ ಸಣ್ಣ ಕೆಲಸ ಕೊಟ್ಟು ಹೊರಗೆ ಕಳಿಸಬೇಕು, ಹಿಂದೆ ನಿಂತು ಪಿಸುಗುಟ್ಟಬಾರದು. ಆವತ್ತು ಕಿಟಕಿಯಲ್ಲಿ ನಾನು ಕೇಳಿದ್ದೇ ತಪ್ಪೇನೋ ಅಂತ ಆಮೇಲೆ ಅನ್ನಿಸಿತು. (ಒರಿಜಿನಲ್ಲೇ ಬೇಕಂತೆ.)

ಕಾಲೇಜು ಶುರುವಾದ ಮೇಲೆ ಬಸ್ ಪಾಸ್ ಮಾಡಿಸಬೇಕಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅಕ್ಕನಿಗೆ ಪಾಸಿನ ಗೊಡವೆ ಇಲ್ಲ, ಆಧಾರ್ ತೋರಿಸಿದರೆ ಮುಗಿಯಿತು. ತಮ್ಮ ಕೌಂಟರಿನ ಮುಂದೆ ನಿಲ್ಲಲೇಬೇಕು. ‘ನಂಗ ಡ್ಯೂಟಿ ಅದ, ನೀನೇ ಹೋಗು’ ಅಂದೆ. ಮಧ್ಯಾಹ್ನ ಊಟದ ಹೊತ್ತಿಗೆ ಪಾಸು ಹಿಡಿದು ಮನೆಗೆ ಬಂದ. ಹೊತ್ತು ಯಾಕೆ ಆಯಿತು ಅಂತ ಕೇಳಿದೆ.

‘ಲೈನ್‌ನಾಗ ಒಬ್ಬ ಪೆನ್ ಕೇಳಿದ ಮಾಮಾ. ಅವ್ನೂ ಬಿಕಾಂ ಅಂತ, ನಮ್ಮ ಬಸ್ಸಿಗೇ ಬರ್ತಾನಂತ.’

‘ಹೆಸರೇನು?’

ಅನ್ನ ಕಲಸುತ್ತಿದ್ದ ಕೈ ನಿಂತಿತು. ‘ಕೇಳಲಿಲ್ಲ. ನಾಳೆ ಕೇಳ್ತೀನಿ. ಪೆನ್ ಅವ್ನ ಹತ್ರನೇ ಅದ.’